ಹಿತ್ತಿಲ ಗಾಲ್ಫ್: ನಾಯಿ ಕಚ್ಚಿಕೊಂಡು ಹೋದ ಚೆಂಡಿಗೆ ಯಾವ ನಿಯಮ?

ಹಿತ್ತಿಲ ಯಜಮಾನ:

ಬಲಿಪಾಡ್ಯಮಿಯ ಮರುದಿನ ನಮ್ಮ ಮನೆಯ ಹಿತ್ತಿಲಲ್ಲಿ ನಡೆಯುವ ಗಾಲ್ಫ್ ಪಂದ್ಯಕ್ಕೆ ಇದು ಹತ್ತನೆಯ ವರ್ಷ. ಮಳೆ ಹಿಂದೆ ಸರಿದಿದೆ, ಹುಲ್ಲು ಮೊಣಕಾಲಿನವರೆಗೆ ಬೆಳೆದಿದೆ, ಅದನ್ನು ಸವರಬೇಕಾದ ಯಂತ್ರ ಸಕಲೇಶಪುರದಲ್ಲಿ ರಿಪೇರಿಗೆಂದು ಕುಳಿತಿದೆ. ಕಾಫಿ ಕೊಯ್ಲು ಶುರುವಾದರೆ ಯಾರಿಗೂ ಬಿಡುವಿರುವುದಿಲ್ಲವಾದ್ದರಿಂದ ದಿನವನ್ನು ಮುಂದೂಡುವಂತಿಲ್ಲ. ಆಡುವವರು ಹನ್ನೊಂದು ಮಂದಿ, ಆರು ಕುಳಿಗಳು, ಮೂರು ಸುತ್ತು, ಇದರಲ್ಲಿ ಬದಲಾವಣೆಯಿಲ್ಲ. ಗೆದ್ದವರಿಗೆ ಎಂದಿನಂತೆ ಒಂದು ವರ್ಷದ ಮಟ್ಟಿಗೆ ನನ್ನ ಅಜ್ಜನ ಕಾಲದ ಕಾಫಿ ಬೀಸುವ ಯಂತ್ರ, ಕಡೆಯ ಸ್ಥಾನಕ್ಕೆ ತಾಮ್ರದ ಚೊಂಬು.

ಆದರೆ ಹೋದ ವರ್ಷದ ಕೊನೆಯ ಕುಳಿಯಲ್ಲಿ ನಡೆದ ಪ್ರಸಂಗ ಇನ್ನೂ ಇತ್ಯರ್ಥವಾಗಿಲ್ಲ. ಕುಳಿಯ ಹತ್ತಿರ ಬಂದಿದ್ದ ಚೆಂಡನ್ನು ನಮ್ಮ ನಾಯಿ ಕಚ್ಚಿಕೊಂಡು ಕಾಫಿ ಗಿಡಗಳ ನಡುವೆ ಓಡಿಹೋಯಿತು. ಹೊಡೆತವನ್ನು ಮತ್ತೊಮ್ಮೆ ಆಡಿಸಿದೆವು, ಚೆಂಡು ಯಾರದೋ ಅವರು ಒಂದು ಹೊಡೆತದಿಂದ ಸೋತರು. ಕತ್ತಲಾಗುತ್ತಿತ್ತು, ಒಳಗೆ ಕಡುಬು ಆರುತ್ತಿತ್ತು, ನಾನು ಅವಸರದಲ್ಲಿ ತೀರ್ಪು ಕೊಟ್ಟೆ ಎಂಬ ಅಳುಕು ನನಗಿದೆ. ಈ ವರ್ಷದ ಆಟಕ್ಕೆ ಮೊದಲು ನಿಯಮವನ್ನು ಸ್ಪಷ್ಟವಾಗಿ ಬರೆದಿಡೋಣ. ಎಲ್ಲರೂ ತಮ್ಮ ಅಭಿಪ್ರಾಯ ತಿಳಿಸಬೇಕು.

ಒಂದು ಹೊಡೆತ:

ಸೋತವನು ನಾನೇ ಆದ್ದರಿಂದ ನನ್ನ ಮಾತನ್ನು ಅಷ್ಟರಮಟ್ಟಿಗೆ ರಿಯಾಯಿತಿಯಿಂದ ಓದಿಕೊಳ್ಳಿ. ಆರನೇ ಕುಳಿಯ ಮೂರನೇ ಸುತ್ತಿಗೆ ಬಂದಾಗ ನನ್ನದು 67 ಹೊಡೆತಗಳಾಗಿದ್ದವು. ನಮ್ಮ ಭಾವನವರು ಆಗಲೇ 71ಕ್ಕೆ ಆಟ ಮುಗಿಸಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ನನ್ನ ಮೊದಲೆರಡು ಹೊಡೆತಗಳು ಅಂಗಳದ ಅಂಚಿನ ಹುಲ್ಲಿನವರೆಗೆ ಬಂದವು. ಅಲ್ಲಿಂದ ವೆಡ್ಜ್ ಎಂಬ ಕೋಲಿನಿಂದ ಮೆಲ್ಲನೆ ಎತ್ತಿ ಹಾಕಿದ ಮೂರನೇ ಹೊಡೆತ ಕುಳಿಯಿಂದ ಒಂದು ಗೇಣು ದೂರದಲ್ಲಿ ಬಂದು ನಿಂತಿತು. ನಿಂತಿತು ಎಂದೇ ಹೇಳುತ್ತೇನೆ. ಆಮೇಲೆ ನಾಯಿ ಬಂತು. ಮತ್ತೆ ಹೊಡೆಯಿರಿ ಎಂದಿರಿ, ಹೊಡೆದೆ. ಈ ಸಲ ಚೆಂಡು ಎರಡು ಮಾರು ಹಿಂದೆಯೇ ನಿಂತಿತು, ನಾಲ್ಕನೆಯದು ತಪ್ಪಿತು, ಐದನೆಯದಕ್ಕೆ ಕುಳಿಗೆ ಬಿತ್ತು. ಒಟ್ಟು 72.

ಒಂದು ಹೊಡೆತವೇನು ಮಹಾ ಎನ್ನುವವರು 2021ರ ಆಗಸ್ಟ್ ತಿಂಗಳ ಆ ಶನಿವಾರ ಬೆಳಿಗ್ಗೆ ಇದೇ ಜಗಲಿಯಲ್ಲಿ ನಾವೆಲ್ಲ ಟಿವಿಯ ಮುಂದೆ ಕುಳಿತದ್ದನ್ನು ನೆನಪಿಸಿಕೊಳ್ಳಲಿ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದದ್ದು ಒಂದೇ ಹೊಡೆತದ ಅಂತರದಿಂದ. ಅಂದು ಯಾರೂ ಅದನ್ನು ಸಣ್ಣ ಸಂಗತಿಯೆಂದು ಹೇಳಲಿಲ್ಲ.

ಹೆಂಚು ಒಡೆದವರು:

ಒಲಿಂಪಿಕ್ಸ್‌ಗೂ ನಮ್ಮ ಕೊಟ್ಟಿಗೆಯ ಹಿಂಭಾಗಕ್ಕೂ ಹೋಲಿಕೆ ಮಾಡಿದ ಮೈದುನನ ಧೈರ್ಯಕ್ಕೆ ಮೆಚ್ಚಿದೆ. ನನ್ನ ನಿಲುವು ಸರಳವಾಗಿದೆ. ನಾನು ಜಗಲಿಯಿಂದ ನೋಡಿದಂತೆ ಚೆಂಡು ಇನ್ನೂ ಉರುಳುತ್ತಿತ್ತು. ಅಷ್ಟೇ ಅಲ್ಲದೆ, ಹೊಡೆದದ್ದು ಹುಲ್ಲಿನಿಂದಲ್ಲ, ಕುಳಿಯ ಸುತ್ತ ಸಾರಿಸಿದ ನೆಲದ ಮೇಲಿನಿಂದ. ಉರುಳುತ್ತಿರುವ ಚೆಂಡಿಗೆ ಪ್ರಾಣಿ ಅಡ್ಡ ಬಂದರೆ ಹೊಡೆತ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಆಡಬೇಕು ಎಂದು ನಮ್ಮ ಎರಡನೇ ವರ್ಷದಲ್ಲೇ ಬರೆದಿಟ್ಟಿದ್ದೇವೆ. ಮನೆಯ ನಿಯಮ ಇರುವಾಗ ಸ್ಕಾಟ್ಲೆಂಡಿನ ನಿಯಮ ಏಕೆ ಬೇಕು? ಬೀಸುವ ಯಂತ್ರ ನಮ್ಮ ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದನ್ನೂ ತಿಳಿಸುತ್ತೇನೆ.

ಭಾನುವಾರದ ಗಾಲ್ಫಿಗ:

ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ಆಡುವವನು ಎಂಬ ಕಾರಣಕ್ಕೆ ನನಗೆ ಪ್ರತಿ ವರ್ಷ ಹ್ಯಾಂಡಿಕ್ಯಾಪ್ (ಹೊಡೆತಗಳ ರಿಯಾಯಿತಿ) ಇಲ್ಲದಂತೆ ಮಾಡಿ, ಮೇಲಾಗಿ ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಬದಲಿಗೆ ಹಾಕಿ ಕೋಲು ಕೊಟ್ಟು ಆಡಿಸುತ್ತೀರಿ. ಆ ಸಿಟ್ಟನ್ನು ಬದಿಗಿಟ್ಟು ನಿಯಮ ಹೇಳುತ್ತೇನೆ.

ನಾಯಿಯ ಪ್ರಶ್ನೆ ಗಾಲ್ಫಿನಷ್ಟೇ ಹಳೆಯದು. 1744ರಲ್ಲಿ ಎಡಿನ್‌ಬರ್ಗ್ ಬಳಿಯ ಲೀತ್‌ನಲ್ಲಿ ಬರೆದ 13 ನಿಯಮಗಳೇ ಈಗ ಸಿಗುವ ಮೊದಲ ಲಿಖಿತ ನಿಯಮಗಳು. ಅವುಗಳಲ್ಲಿ ಹತ್ತನೆಯದು ಮನುಷ್ಯ, ಕುದುರೆ, ನಾಯಿ ಅಥವಾ ಬೇರೆ ಯಾವುದಾದರೂ ಚೆಂಡನ್ನು ತಡೆದರೆ ಅದು ಬಿದ್ದಲ್ಲಿಂದಲೇ ಆಡಬೇಕು ಎನ್ನುತ್ತದೆ. ಹದಿಮೂರರಲ್ಲಿ ಒಂದು ನಿಯಮದೊಳಗೆ ನಾಯಿಗೆ ಹೆಸರಿಡಿದು ಜಾಗ ಕೊಟ್ಟಿದ್ದಾರೆಂದರೆ ಅಲ್ಲಿಯೂ ನಮ್ಮಲ್ಲಿ ಆದಂಥದ್ದೇ ಏನೋ ಆಗಿರಬೇಕು.

ಇಂದಿನ ನಿಯಮ ಸ್ವಲ್ಪ ಸೂಕ್ಷ್ಮವಾಗಿದೆ. ಯಾವುದೇ ಪ್ರಾಣಿ, ಅದು ಆಡುವವರ ಸ್ವಂತ ಸಾಕುಪ್ರಾಣಿಯೇ ಆಗಿರಲಿ, ಹೊರಗಿನ ಪ್ರಭಾವವೆಂದೇ ಲೆಕ್ಕ. ಆದ್ದರಿಂದ ನಾಯಿ ಯಾರ ಮನೆಯದು ಎಂಬ ಚರ್ಚೆ ಬೇಡ. ನಿಂತ ಚೆಂಡನ್ನು ನಾಯಿ ಒಯ್ದರೆ ದಂಡವಿಲ್ಲದೆ ಅದು ಇದ್ದ ಜಾಗದಲ್ಲೇ ಚೆಂಡನ್ನು ಮರಳಿ ಇಡಬೇಕು. ಚಲಿಸುತ್ತಿರುವ ಚೆಂಡಾದರೆ ಹೊಡೆತ ಎಲ್ಲಿಂದ ಬಂತೆಂಬುದು ಮುಖ್ಯವಾಗುತ್ತದೆ. ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ನೆಲ (ನಮ್ಮಲ್ಲಿ ಸಾರಿಸಿದ ನೆಲ), ಅದರ ಮೇಲಿನಿಂದಲೇ ಹೊಡೆದಿದ್ದರೆ ಆ ಹೊಡೆತ ರದ್ದು, ಮೊದಲಿನ ಜಾಗದಿಂದ ಮತ್ತೆ ಆಡಬೇಕು. ಗ್ರೀನ್ ಹೊರಗಿನಿಂದ ಹೊಡೆದಿದ್ದು, ಚೆಂಡು ಪ್ರಾಣಿಯ ಬಾಯಲ್ಲೋ ಮೈಮೇಲೋ ನಿಂತುಬಿಟ್ಟಿದ್ದರೆ, ಹೊಡೆತ ಊರ್ಜಿತ. ಎಲ್ಲಿ ಹಾಗಾಯಿತೋ ಆ ಅಂದಾಜು ಜಾಗದಲ್ಲಿ, ಅದು ಗ್ರೀನ್ ಮೇಲಿದ್ದರೆ, ಚೆಂಡನ್ನು ಇಟ್ಟು ಮುಂದುವರಿಸಬೇಕು.

ಅಂದರೆ ಒಂದು ವರ್ಷದಿಂದ ನೀವು ಮಾಡುತ್ತಿರುವ ನಿಂತಿತ್ತೋ ಉರುಳುತ್ತಿತ್ತೋ ಎಂಬ ವಾದಕ್ಕೆ ಅರ್ಥವಿರುವುದು ಹೊಡೆತ ಸಾರಿಸಿದ ನೆಲದಿಂದ ಬಂದಿದ್ದರೆ ಮಾತ್ರ. ಹುಲ್ಲಿನಿಂದ ಬಂದಿದ್ದರೆ ಚೆಂಡು ನಿಂತಿದ್ದರೂ ಉರುಳುತ್ತಿದ್ದರೂ ಫಲಿತಾಂಶ ಒಂದೇ: ನಾಯಿ ಕಚ್ಚಿದ ಜಾಗ, ಕುಳಿಯಿಂದ ಒಂದು ಗೇಣು.

ತೀರ್ಥಹಳ್ಳಿ ಕಡೆಯವನು:

ಹಿರಿಯರ ವ್ಯಾಜ್ಯದ ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನಮ್ಮ ಮನೆಯ ಹಿಂದೆಯೂ ಅಡಿಕೆ ತೋಟಕ್ಕೆ ಇಳಿಯುವ ಮೊದಲು ಅರ್ಧ ಎಕರೆಯಷ್ಟು ಖಾಲಿ ಜಾಗವಿದೆ. ಈ ಬೇಸಿಗೆಯಲ್ಲಿ ಸ್ನೇಹಿತರನ್ನು ಸೇರಿಸಿ ಇಂಥದ್ದೊಂದು ಆಟ ನಡೆಸಬೇಕೆಂದಿದ್ದೇವೆ. ಕುಳಿಯ ಅಳತೆ, ಚೆಂಡು, ಗ್ರೀನ್ ಇವುಗಳನ್ನು ನೀವು ಹೇಗೆ ಮಾಡಿಕೊಂಡಿರಿ ಎಂಬುದನ್ನು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಹಿತ್ತಿಲ ಯಜಮಾನ:

ಸಂತೋಷ. ನಾಯಿಯ ವಿಚಾರದಿಂದ ಸ್ವಲ್ಪ ಹೊತ್ತು ಬಿಡುಗಡೆ ಸಿಕ್ಕಿತು.

ಕುಳಿಯ ವ್ಯಾಸ 108 ಮಿಲಿಮೀಟರ್ ಇರಬೇಕೆಂಬುದು 1891ರಿಂದ ನಡೆದುಬಂದ ಅಳತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕಿಂಚಿನದು ಎಂದು ಕೇಳಿದರೆ ಕೊಡುವ ಪಿವಿಸಿ ಪೈಪಿನ ಹೊರ ಅಳತೆ 110 ಮಿಲಿಮೀಟರ್. ಒಳ ಅಳತೆ 108ಕ್ಕೆ ಸ್ವಲ್ಪ ಕಡಿಮೆಯಾಗುತ್ತದೆ, ಅದರಿಂದ ನಷ್ಟವಿಲ್ಲ. ಒಂದು ಗೇಣು ಉದ್ದದ ತುಂಡುಗಳನ್ನು ಕತ್ತರಿಸಿ, ನೆಲಕ್ಕೆ ಸಮವಾಗಿ ಹೂಳಿ, ತಳಕ್ಕೆ ಒಂದು ಹಿಡಿ ಜಲ್ಲಿ ಹಾಕಿ. ಜಲ್ಲಿ ಇಲ್ಲದಿದ್ದರೆ ನೀರು ನಿಂತು, ಕಪ್ಪೆ ಬಂದು ಕೂರುತ್ತದೆ. ಮೊದಲ ವರ್ಷ ನಮ್ಮ ಮೂರನೇ ಕುಳಿಗೆ ಕೈ ಹಾಕಿದವರು ಕಿರುಚಿದ್ದು ಕೆಳಗಿನ ರಸ್ತೆಯವರೆಗೆ ಕೇಳಿಸಿತ್ತು. ಬಾವುಟಕ್ಕೆ ಅಡಿಕೆ ದಬ್ಬೆ, ಅದರ ತುದಿಗೆ ಹಳೆಯ ಲುಂಗಿಯ ತುಂಡು. ನಿಮ್ಮ ಕಡೆ ದಬ್ಬೆಗೆ ಬರವಿಲ್ಲ. ಇದನ್ನು ಕುಳಿ ಎನ್ನಬೇಕೋ ಹೋಲ್ ಎನ್ನಬೇಕೋ ಎಂಬ ಚರ್ಚೆ ನಮ್ಮಲ್ಲಿಯೂ ಆಗಿತ್ತು. ಗೋಲಿ ಆಡಿ ಬೆಳೆದವರಿಗೆ ಅದು ಕುಳಿಯೇ.

ಗ್ರೀನ್ ವಿಷಯದಲ್ಲಿ ಮೂರು ವರ್ಷ ಪಟ್ಟ ಪಾಡು ಹೇಳತೀರದು. ಪೇಟೆಯಿಂದ ತಂದ ಹುಲ್ಲು ಜುಲೈ ಮಳೆಗೆ ಕೊಳೆಯಿತು, ಉಳಿದದ್ದನ್ನು ಹಸು ಮೇಯಿತು. ನೀರಿನ ಅಭಾವವಿದ್ದ ನಮ್ಮ ದೇಶದ ಹಳೆಯ ಗಾಲ್ಫ್ ಮೈದಾನಗಳಲ್ಲಿ ಹುಲ್ಲಿಗೆ ಬದಲಾಗಿ ಎಣ್ಣೆ ಬೆರೆಸಿದ ಮರಳನ್ನು ಹಾಸಿ ಅದನ್ನು ಬ್ರೌನ್ ಎಂದು ಕರೆಯುತ್ತಿದ್ದರೆಂದು ಬೆಂಗಳೂರಿನ ಸ್ನೇಹಿತರು ಹೇಳಿದಾಗ, ಹಾಗಾದರೆ ನಮ್ಮ ಮನೆಯಲ್ಲಿ ದಿನವೂ ಸಾರಿಸುವ ಅಂಗಳ ಏನು ಕಡಿಮೆ ಎಂದು ಹೊಳೆದದ್ದು ನನ್ನ ಹೆಂಡತಿಗೆ. ಈಗ ಪ್ರತಿ ಕುಳಿಯ ಸುತ್ತ ಎರಡು ಮಾರು ಅಗಲದ ನೆಲವನ್ನು ಬಡಿದು ಗಟ್ಟಿ ಮಾಡಿ, ಆಟದ ಹಿಂದಿನ ದಿನ ಸೆಗಣಿಯಿಂದ ಸಾರಿಸುತ್ತೇವೆ. ಸೆಗಣಿ ತೆಳುವಾಗಿರಬೇಕು, ಕೈ ಒಂದೇ ದಿಕ್ಕಿಗೆ ಆಡಬೇಕು, ಇಲ್ಲವಾದರೆ ಒಣಗಿದ ಮೇಲೆ ಬೆರಳಿನ ಗೆರೆಗಳು ಚೆಂಡನ್ನು ಎಳೆಯುತ್ತವೆ. ಬಿಸಿಲು ಬಿದ್ದರೆ ಹನ್ನೊಂದು ಗಂಟೆಯ ಹೊತ್ತಿಗೆ ಅದರ ವೇಗ ನೋಡಬೇಕು. ಭಾನುವಾರದ ಗಾಲ್ಫಿಗರೇ ಮೊದಲ ಸಲ ಒಂದು ಮಾರು ದೂರದ ಚೆಂಡನ್ನು ಕುಳಿ ದಾಟಿಸಿ ತುಳಸಿಕಟ್ಟೆಗೆ ಹೊಡೆದಿದ್ದರು.

ಚೆಂಡಿನ ವಿಷಯದಲ್ಲಿ ಮಾತ್ರ ಎಚ್ಚರ. ನಿಜವಾದ ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ, ಆದರೆ ಏಳನೇ ಐರನ್ ಎಂಬ ಕೋಲಿನಿಂದ ಸರಿಯಾಗಿ ಹೊಡೆದರೆ ಅದು ಮಂಗಳೂರು ಹೆಂಚಿನ ಮೇಲೆ ಏನು ಮಾಡಬಲ್ಲದೆಂಬುದನ್ನು ಇಲ್ಲಿಯೇ ಒಬ್ಬರು ತಮ್ಮ ಹೆಸರಿನಲ್ಲಿ ಧರಿಸಿಕೊಂಡಿದ್ದಾರೆ. ಮೂರು ಹೆಂಚು, ಒಂದು ಪಕಾಸಿ, ಅಟ್ಟದ ಮೇಲೆ ಒಣಗಿಸಿದ್ದ ಹಪ್ಪಳದ ಡಬ್ಬ. ಅಂದಿನಿಂದ ಹುಲ್ಲಿನ ಮೇಲೆ ತೂತುಗಳಿರುವ ಹಳದಿ ಪ್ಲಾಸ್ಟಿಕ್ ಚೆಂಡು. ಎಷ್ಟು ಬೀಸಿ ಹೊಡೆದರೂ ನಲವತ್ತು ಗಜ ದಾಟುವುದು ಕಷ್ಟ, ನಮ್ಮ ಅತಿ ಉದ್ದದ ಕುಳಿಯ ದೂರವೇ 38 ಗಜ. ಆದರೆ ಅದು ಸಾರಿಸಿದ ನೆಲದ ಮೇಲೆ ನೇರವಾಗಿ ಉರುಳುವುದಿಲ್ಲ, ಗಾಳಿಗೆ ಅಲುಗುತ್ತದೆ. ಆದ್ದರಿಂದ ಚೆಂಡು ಸಾರಿಸಿದ ನೆಲವನ್ನು ಮುಟ್ಟಿ ನಿಂತ ಕೂಡಲೇ ಅದನ್ನೆತ್ತಿ, ಅದೇ ಜಾಗದಲ್ಲಿ ನಿಜವಾದ ಬಿಳಿಯ ಚೆಂಡನ್ನಿಟ್ಟು ಪಟರ್‌ನಿಂದ ಮುಗಿಸುತ್ತೇವೆ. ಶುದ್ಧ ಗಾಲ್ಫಿನಲ್ಲಿ ಹೀಗೆ ಮಾಡುವಂತಿಲ್ಲ, ಗೊತ್ತು.

ನಾಲ್ಕನೇ ಕುಳಿ ಬಾವಿಕಟ್ಟೆಯ ಪಕ್ಕದಲ್ಲಿದೆ. ಬಾವಿಗೆ ಈಗ ಬಲೆ ಹಾಕಿದೆ. ಮೊದಲು ಪ್ಲಾಸ್ಟಿಕ್ ಚೆಂಡು ಬಿದ್ದರೆ ತೇಲುತ್ತಿತ್ತು, ಕೊಡ ಇಳಿಸಿ ಎತ್ತುತ್ತಿದ್ದೆವು. ನಿಜವಾದದ್ದು ಬಿದ್ದರೆ ಮುಳುಗಿತೆಂದೇ ಲೆಕ್ಕ. ಒಮ್ಮೆ ಹಟ ಹಿಡಿದು ಪಾತಾಳಗರಡಿ ಇಳಿಸಿದಾಗ ಚೆಂಡು ಸಿಗಲಿಲ್ಲ, ನಮ್ಮ ಅತ್ತೆ ಎಂಟು ವರ್ಷದ ಹಿಂದೆ ಕಳೆದುಕೊಂಡಿದ್ದ ಹಿತ್ತಾಳೆ ಬಿಂದಿಗೆ ಬಂತು. ಕಾಫಿ ಗಿಡದ ಸಾಲಿಗೆ ಹೋದ ಚೆಂಡನ್ನು ಹುಡುಕಲು ಮೂರು ನಿಮಿಷ ಮಾತ್ರ, 2019ರಿಂದ ದೊಡ್ಡ ಮೈದಾನಗಳಲ್ಲೂ ಅಷ್ಟೇ.

ಕಡಲಾಚೆ:

ಮೊದಲ ನಾಲ್ಕು ವರ್ಷ ಆಡಿ ಈಗ ನ್ಯೂಜೆರ್ಸಿಯಲ್ಲಿರುವ ನನಗೆ ಸೆಗಣಿ ಸಾರಿಸಿದ ನೆಲದ ಮಾತು ಓದಿ ಆದ ಸಂಕಟವನ್ನು ಏನೆಂದು ಹೇಳಲಿ. ಇಲ್ಲಿನ ಹಿತ್ತಿಲಲ್ಲಿ ಹುಲ್ಲು ರತ್ನಗಂಬಳಿಯಂತಿದೆ, ಆಡುವುದಕ್ಕೆ ಜನರಿಲ್ಲ. ನನ್ನ ಮತ ಮೈದುನನ ಕಡೆಗೆ. ಭಾವನವರು ಎರಡನೇ ವರ್ಷದಲ್ಲೂ ಚೆಂಡು ಅಂಚು ಮುಟ್ಟಿದೆ ಎಂದು ಇದೇ ಧ್ವನಿಯಲ್ಲಿ ಹೇಳಿದ್ದರು.

ಹೆಂಚು ಒಡೆದವರು:

ಎಂಟು ಸಾವಿರ ಮೈಲಿ ಆಚೆಯಿಂದ ಅಂಚು ನೋಡುವವರಿಗೆ ನಮಸ್ಕಾರ. ಮನೆಯ ನಿಯಮದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಪ್ರಾಣಿ ಅಡ್ಡ ಬಂದರೆ ಮತ್ತೊಮ್ಮೆ ಎಂದು ನಾವೇ ಬರೆದಿದ್ದೇವೆ. ಅದರಲ್ಲಿ ಹುಲ್ಲು, ಸಾರಿಸಿದ ನೆಲ ಎಂಬ ಭೇದವಿಲ್ಲ. 1744ರ ನಿಯಮವನ್ನೇ ಹಿಡಿಯುವುದಾದರೆ ನನ್ನ ಅಭ್ಯಂತರವಿಲ್ಲ, ಮೈದುನ ಕಾಫಿ ಗಿಡದ ಬುಡದಿಂದ ನಾಲ್ಕನೇ ಹೊಡೆತ ಹೊಡೆಯಲಿ.

ಚೆಕ್‌ರೋಲ್:

ಒಂಬತ್ತು ವರ್ಷಗಳಿಂದ ಅಂಕ ಬರೆದವಳು ನಾನು. ನಿಯಮಗಳನ್ನು ಬರೆದಿಟ್ಟಿರುವುದು ತೋಟದ ಹಳೆಯ ಚೆಕ್‌ರೋಲ್ (ಕೂಲಿಯಾಳುಗಳ ಹಾಜರಿ) ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ. ಅದು ಈಗ ನನ್ನ ಮುಂದಿದೆ. ಎರಡನೇ ವರ್ಷದ ನಿಯಮವನ್ನು ಅಕ್ಷರಶಃ ಇಲ್ಲಿ ಬರೆಯುತ್ತೇನೆ: "ದನ ಅಡ್ಡ ಬಂದು ಚೆಂಡು ತಾಗಿದರೆ ಆ ಹೊಡೆತ ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಆಡುವುದು." ಪ್ರಾಣಿ ಎಂಬ ಶಬ್ದ ಎಲ್ಲಿಯೂ ಇಲ್ಲ. ಆ ವರ್ಷ ಗೋಪೂಜೆಯ ಹೂವಿನ ಹಾರ ಹಾಕಿಕೊಂಡೇ ಕೆಂದ ಹಸು ಐದನೇ ಕುಳಿಯ ಬಳಿ ನಿಂತಿದ್ದರಿಂದ ಇದನ್ನು ಬರೆದದ್ದು. ನಾಯಿಯನ್ನು ದನವೆಂದು ಒಪ್ಪುವುದಾದರೆ ಭಾವನವರು ನಾಳೆಯಿಂದ ಅದರ ಹಾಲು ಕರೆಯಬಹುದು.

ಅಂಕದ ಹಾಳೆಯಲ್ಲಿ ಆರನೇ ಕುಳಿಯ ಎದುರು 5 ಎಂದು ಬರೆದು, ಪಕ್ಕದಲ್ಲಿ "ನಾಯಿ" ಎಂದಷ್ಟೇ ಗುರುತು ಹಾಕಿದ್ದೇನೆ. ಹೊಡೆತ ಎಲ್ಲಿಂದ ಬಂತೆಂದು ಬರೆದಿಲ್ಲ. ನಾನು ಆಗ ಒಲೆಯ ಮೇಲಿನ ಸಾರು ನೋಡಲು ಒಳಗೆ ಹೋಗಿದ್ದೆ, ಆದ್ದರಿಂದ ಬರೆದದ್ದನ್ನು ಬಿಟ್ಟು ಬೇರೇನನ್ನೂ ಹೇಳಲಾರೆ. ಆದರೆ ಎಲ್ಲರಿಗೂ ಒಂದು ಪ್ರಶ್ನೆ: ನಾಯಿ ಕಚ್ಚಿಕೊಂಡು ಹೋದದ್ದು ಯಾವ ಬಣ್ಣದ ಚೆಂಡು?

ಒಂದು ಹೊಡೆತ:

ಅತ್ತಿಗೆ, ಈ ಪ್ರಶ್ನೆ ನನಗೆ ಒಂದು ವರ್ಷದಿಂದ ಹೊಳೆಯಲಿಲ್ಲವಲ್ಲ! ಹಳದಿ ಎಂದು ನನ್ನ ನೆನಪು. ಆದರೆ ನನ್ನ ನೆನಪು ಸಾಕ್ಷಿಯಾಗುವುದಿಲ್ಲ.

ಹೆಂಚು ಒಡೆದವರು:

ಮುಸ್ಸಂಜೆಯ ಬೆಳಕಿನಲ್ಲಿ ನನಗೆ ಬಿಳಿಯಂತೆ ಕಂಡಿತು. ಆದರೆ ಪ್ರಶ್ನೆ ಸರಿಯಾಗಿದೆ. ಚೆಂಡು ಸಾರಿಸಿದ ನೆಲದ ಮೇಲಿದ್ದಿದ್ದರೆ ಬದಲಾಯಿಸಿ ಬಿಳಿಯದನ್ನು ಇಟ್ಟಿರಬೇಕಿತ್ತು. ಚೆಂಡು ಸಿಕ್ಕರೆ ನನ್ನ ವಾದ ನಿಲ್ಲುತ್ತದೆ ಅಥವಾ ಬೀಳುತ್ತದೆ, ಅದಕ್ಕೆ ನಾನು ಬದ್ಧ. ಎರಡು ಎಕರೆ ರೊಬಸ್ಟಾದಲ್ಲಿ ಹುಡುಕುವವರಿಗೆ ಶುಭವಾಗಲಿ.

ಭಾನುವಾರದ ಗಾಲ್ಫಿಗ:

ಹುಡುಕುವ ತನಕ ಒಂದು ಸಲಹೆ. ಕಳೆದ ವರ್ಷ ಹೊಸದಾಗಿ ಸೇರಿದವರೊಬ್ಬರು ಬಾವಿಕಟ್ಟೆಯ ಕುಳಿಯೊಂದರಲ್ಲೇ 14 ಹೊಡೆತ ಹೊಡೆದು, ಮುಂದಿನ ಎರಡು ಸುತ್ತನ್ನು ಮುಖ ಬಾಡಿಸಿಕೊಂಡು ಆಡಿದರು. ಒಂದು ಕುಳಿಯ ಅವಘಡ ಇಡೀ ದಿನವನ್ನು ನುಂಗಬಾರದೆಂದೇ ಇಂಗ್ಲೆಂಡಿನ ವೈದ್ಯ ಫ್ರಾಂಕ್ ಸ್ಟೇಬಲ್‌ಫೋರ್ಡ್ ರೂಪಿಸಿದ ಅಂಕ ಪದ್ಧತಿಯಲ್ಲಿ 1932ರಲ್ಲಿ ವಾಲಸಿಯಲ್ಲಿ ಪಂದ್ಯ ನಡೆಯಿತು. ಪಾರ್‌ಗೆ, ಅಂದರೆ ಕುಳಿಗೆ ನಿಗದಿಯಾದಷ್ಟೇ ಹೊಡೆತಗಳಿಗೆ, ಎರಡು ಅಂಕ, ಒಂದು ಹೆಚ್ಚಾದರೆ ಒಂದು ಅಂಕ, ಒಂದು ಕಡಿಮೆಯಾದರೆ ಮೂರು. ಎರಡು ಅಥವಾ ಅದಕ್ಕಿಂತ ಹೆಚ್ಚಾದರೆ ಸೊನ್ನೆ, ಚೆಂಡನ್ನು ಎತ್ತಿಕೊಂಡು ಮುಂದಿನ ಕುಳಿಗೆ ಹೋಗಬಹುದು. ನಮ್ಮ ಎಲ್ಲ ಕುಳಿಗಳೂ ಪಾರ್ 3 ಆದ್ದರಿಂದ ಲೆಕ್ಕ ಸುಲಭ, ಆಟವೂ ಕತ್ತಲಿಗೆ ಮೊದಲು ಮುಗಿದೀತು.

ಚೆಕ್‌ರೋಲ್:

ಸಲಹೆ ನನಗೆ ಒಪ್ಪಿಗೆ. ಕತ್ತಲಿಗೆ ಮೊದಲು ಮುಗಿದರೆ ಕಡುಬು ಬಿಸಿಯಾಗಿ ತಿನ್ನಬಹುದು. ಆದರೆ ತಾಮ್ರದ ಚೊಂಬಿಗೆ ಸ್ಪರ್ಧೆ ಹೆಚ್ಚಾಗುತ್ತದೆ, ಸೊನ್ನೆಗಳು ಸಮವಾಗಿ ಬಂದರೆ ಯಾರಿಗೆ ಚೊಂಬು ಕೊಡುವುದೆಂದು ಮೊದಲೇ ಹೇಳಿಬಿಡಿ.

ಹಿತ್ತಿಲ ಯಜಮಾನ:

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಹುಲ್ಲು ಸವರುವ ಯಂತ್ರ ರಿಪೇರಿಯಾಗಿ ಬಂತು. ನಿನ್ನೆ ಕೊಯ್ಲಿಗೆ ಮುಂಚೆ ಗಿಡಗಳ ಬುಡ ಬಿಡಿಸುವಾಗ, ಅಂಗಳದಿಂದ ನಾಲ್ಕನೇ ಸಾಲಿನಲ್ಲಿ, ಸಿಲ್ವರ್ ಓಕ್ ಮರದ ಬೇರಿನ ಸಂದಿಯಲ್ಲಿ ತರಗಿನ ಕೆಳಗೆ ಚೆಂಡು ಸಿಕ್ಕಿತು. ಅದರ ಜೊತೆಗೆ ನನ್ನ ಎಡಗಾಲಿನ ಒಂದು ಚಪ್ಪಲಿ, ಹಲ್ಲುಜ್ಜುವ ಎರಡು ಬ್ರಷ್ ಮತ್ತು ತೆಂಗಿನ ಚಿಪ್ಪು. ಚೆಂಡು ತೂತುಗಳಿರುವುದು. ಒಂದು ಮಳೆಗಾಲ ಕಳೆದರೂ ಹಳದಿ ಬಣ್ಣ ಉಳಿದಿದೆ. ಎರಡು ತೂತುಗಳು ಸೇರಿ ಒಂದಾಗುವಷ್ಟು ಹಲ್ಲಿನ ಗುರುತುಗಳಿವೆ, ಮೈದುನ ತನ್ನ ಚೆಂಡಿಗೆ ಹಾಕುವ ನೀಲಿ ಚುಕ್ಕೆಯೂ ಇದೆ. ಆ ದಿನ ಬೇರೆ ಯಾವ ಚೆಂಡನ್ನೂ ನಾಯಿ ಮುಟ್ಟಿರಲಿಲ್ಲವೆಂದು ಹಾಳೆಯೇ ಹೇಳುತ್ತದೆ.

ಹೊಡೆತ ಹುಲ್ಲಿನಿಂದಲೇ ಬಂದದ್ದು. ನನ್ನ ತೀರ್ಪು ತಪ್ಪು. ಚೆಂಡನ್ನು ಕುಳಿಯಿಂದ ಒಂದು ಗೇಣು ದೂರದಲ್ಲಿಟ್ಟು ನಾಲ್ಕನೇ ಹೊಡೆತ ಆಡಿಸಬೇಕಿತ್ತು.

ಹೆಂಚು ಒಡೆದವರು:

ಒಪ್ಪಿದೆ. ಆದರೆ ಒಂದು ಗೇಣಿನ ಹೊಡೆತವನ್ನೂ ತಪ್ಪಿಸಿದವರು ನಮ್ಮಲ್ಲಿದ್ದಾರೆ, ಅವರಲ್ಲಿ ನಾನೂ ಒಬ್ಬ. ಆ ನಾಲ್ಕನೇ ಹೊಡೆತವನ್ನು ಮೈದುನ ಈಗ ಎಲ್ಲರ ಎದುರಿಗೆ ಹೊಡೆದು ತೋರಿಸಬೇಕು. ಕುಳಿಗೆ ಬಿದ್ದರೆ 71ಕ್ಕೆ 71. ಟೋಕಿಯೊದಲ್ಲಿ ಬೆಳ್ಳಿ ಕಂಚುಗಳನ್ನು ತೀರ್ಮಾನಿಸಿದಂತೆ ಆಮೇಲೆ ನಾವಿಬ್ಬರೂ ಒಂದೊಂದು ಕುಳಿ ಆಡಿ ನೋಡೋಣ.

ಒಂದು ಹೊಡೆತ:

ಸರಿ, ಭಾವ. ಗೇಣು ಯಾರದೆಂದು ಮಾತ್ರ ಮೊದಲೇ ತೀರ್ಮಾನವಾಗಲಿ. ನಿಮ್ಮ ಕೈ ದೊಡ್ಡದು.

ಹಿತ್ತಿಲ ಯಜಮಾನ:

ಗೇಣು ನನ್ನ ಹೆಂಡತಿಯದು. ಬಲಿಪಾಡ್ಯಮಿಯ ಸಂಜೆ ಐದು ಗಂಟೆಗೆ, ಆರನೇ ಕುಳಿಯ ಬಳಿ. ಪುಸ್ತಕದಲ್ಲಿ "ದನ" ಎಂಬುದನ್ನು ಹೊಡೆದು "ದನ, ನಾಯಿ, ಕೋಳಿ ಅಥವಾ ಯಾವುದೇ ಜೀವಿ" ಎಂದು ಬರೆದು, ಹುಲ್ಲಿಗೂ ಸಾರಿಸಿದ ನೆಲಕ್ಕೂ ಬೇರೆ ಬೇರೆ ನಿಯಮ ಸೇರಿಸಿದ್ದೇವೆ. ಸ್ಟೇಬಲ್‌ಫೋರ್ಡ್ ಪದ್ಧತಿ ಮರುದಿನದ ಆಟಕ್ಕೆ ಮಾತ್ರ. ಭಾವನವರು ಬರುವಾಗ ಬೀಸುವ ಯಂತ್ರವನ್ನು ತೊಳೆದು ತರಬೇಕು, ಅದರ ಹಿಡಿಕೆಯ ತಿರುಪನ್ನೂ ಮರೆಯಬಾರದು. ನಾಯಿಯನ್ನು ಕಟ್ಟಿಹಾಕಬೇಕೆಂದು ಇಬ್ಬರು ಫೋನಿನಲ್ಲಿ ಕೇಳಿದ್ದಾರೆ. ಕಟ್ಟುವುದಿಲ್ಲ.